ಇಳಕಲ್‌ನಿಂದ ಕ್ಯೋಟೊಗೆ: ಜಪಾನಿನಲ್ಲಿ ಉನ್ನತ ವ್ಯಾಸಂಗ

ಜಪಾನಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದುವ ಮಾತು ಬಂದಾಗ ನಮ್ಮ ವಿದ್ಯಾರ್ಥಿಗಳು ಮೊದಲು ಕೇಳುವುದು ಎರಡೇ ಪ್ರಶ್ನೆ. ಖರ್ಚು ಎಷ್ಟು ಬರುತ್ತದೆ? ಎಷ್ಟು ಪರ್ಸೆಂಟ್ ಇರಬೇಕು? ಇವೆರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅಲ್ಲಿನ ಪ್ರಾಧ್ಯಾಪಕರು ನಿಮ್ಮನ್ನು ಕೇಳುವುದು ಬೇರೆಯೇ ಒಂದನ್ನು: ನೀವು ಏನನ್ನು ಕಂಡುಹಿಡಿಯಬೇಕೆಂದು ಬರುತ್ತಿದ್ದೀರಿ? ಇದಕ್ಕೆ ಉತ್ತರವಿಲ್ಲದವರಿಗೆ ಶೇಕಡಾ ತೊಂಬತ್ತು ಅಂಕಗಳೂ ಹೆಚ್ಚು ನೆರವಾಗುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ವಿದ್ಯಾರ್ಥಿಗೆ ಆ ಉತ್ತರ ಮನೆಯಿಂದ ಹತ್ತು ಹೆಜ್ಜೆಯಲ್ಲಿ ಸಿಗಬಹುದು. ಅದು ಹೇಗೆಂದು ಮುಂದೆ ನೋಡೋಣ.

ಕನ್ನಡಿಗರಿಗೆ ಜಪಾನ್ ಹೊಸ ದೇಶವೇನೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗುವುದಕ್ಕೆ ಬಹಳ ಮೊದಲೇ, 1898ರಲ್ಲಿ, ಅಲ್ಲಿಗೆ ಹೋಗಿ ಆ ದೇಶ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಜೊತೆಯಾಗಿ ಬೆಳೆಸುತ್ತಿದ್ದುದನ್ನು ಕಣ್ಣಾರೆ ಕಂಡು ಬಂದಿದ್ದರು. ಟೋಕಿಯೊ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1877ರಲ್ಲಿ, ಕ್ಯೋಟೊ 1897ರಲ್ಲಿ, ತೊಹೊಕು 1907ರಲ್ಲಿ, ಒಸಾಕಾ 1931ರಲ್ಲಿ. ಜಪಾನಿಗೆ ಮೊದಲ ನೊಬೆಲ್ ಪ್ರಶಸ್ತಿಯನ್ನು 1949ರಲ್ಲಿ ತಂದುಕೊಟ್ಟ ಭೌತವಿಜ್ಞಾನಿ ಹಿದೆಕಿ ಯುಕಾವಾ ಕ್ಯೋಟೊದಲ್ಲಿ ಪ್ರಾಧ್ಯಾಪಕರಾಗಿದ್ದವರು.

ಈಗ ಅಲ್ಲಿನ ವ್ಯವಸ್ಥೆಗೆ ಬರೋಣ. ನಮ್ಮಲ್ಲಿ ಎಂ.ಎಸ್ಸಿ. ಸೇರುವುದೆಂದರೆ ಒಂದು ವಿಭಾಗವನ್ನು ಸೇರುವುದು. ಜಪಾನಿನಲ್ಲಿ ನೀವು ಸೇರುವುದು ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯವನ್ನು. ಅದಕ್ಕೆ ‘ಕೆನ್‌ಕ್ಯುಶಿತ್ಸು’ ಎನ್ನುತ್ತಾರೆ. ಅಲ್ಲಿ ನಿಮಗೊಂದು ಮೇಜು ಇರುತ್ತದೆ. ಹಿರಿಯ ವಿದ್ಯಾರ್ಥಿಗಳು ಇರುತ್ತಾರೆ. ಅವರು ‘ಸೆಂಪಾಯ್’. ಯಂತ್ರ ನಡೆಸುವುದರಿಂದ ಹಿಡಿದು ಬ್ಯಾಂಕಿನ ಫಾರಂ ತುಂಬುವವರೆಗೆ ನಿಮಗೆ ಕಲಿಸಿಕೊಡುವವರು ಅವರೇ. ವಾರಕ್ಕೊಮ್ಮೆ ಎಲ್ಲರೂ ಕುಳಿತು ಒಬ್ಬೊಬ್ಬರ ಕೆಲಸವನ್ನು ವಿಮರ್ಶಿಸುವ ಸಭೆ ನಡೆಯುತ್ತದೆ. ಈ ಪದ್ಧತಿಯಲ್ಲಿ ಕಲಿಕೆ ಆಳವಾಗಿ ಆಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೆಲವು ಪ್ರಯೋಗಾಲಯಗಳಲ್ಲಿ ರಾತ್ರಿ ಬಹಳ ಹೊತ್ತು ಕುಳಿತಿರುವುದನ್ನೇ ಶ್ರದ್ಧೆಯೆಂದು ಎಣಿಸುತ್ತಾರೆ. ಅದು ನನಗೆ ಅಷ್ಟಾಗಿ ಮೆಚ್ಚುಗೆಯಲ್ಲ. ಸೇರುವ ಮೊದಲು ಅಲ್ಲಿನ ಹಿರಿಯ ವಿದ್ಯಾರ್ಥಿಯೊಬ್ಬರಿಗೆ ಪತ್ರ ಬರೆದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ವಿದೇಶೀ ವಿದ್ಯಾರ್ಥಿಗಳಲ್ಲಿ ಅನೇಕರು ಮೊದಲ ಆರು ತಿಂಗಳು ಅಥವಾ ಒಂದು ವರ್ಷ ‘ಕೆನ್‌ಕ್ಯುಸೇ’ ಆಗಿರುತ್ತಾರೆ. ಅಂದರೆ ಸಂಶೋಧನಾ ವಿದ್ಯಾರ್ಥಿ. ಹೆಸರು ದೊಡ್ಡದು, ಆದರೆ ಆ ಅವಧಿಗೆ ಯಾವ ಪದವಿಯೂ ಇಲ್ಲ. ಅದು ಪ್ರವೇಶ ಪರೀಕ್ಷೆಗೆ ಸಿದ್ಧವಾಗುವ ಕಾಲ. ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಎರಡು ವರ್ಷದ ಸ್ನಾತಕೋತ್ತರ ತರಗತಿಗೆ ಪ್ರವೇಶ. ಇದನ್ನು ತಿಳಿಯದೆ ಹೋದವರು ಮನೆಯವರಿಗೆ ‘ಎರಡು ವರ್ಷ’ ಎಂದು ಹೇಳಿ, ಮೂರು ವರ್ಷವಾದಾಗ ಪೇಚಿಗೆ ಸಿಲುಕುತ್ತಾರೆ.

ಇನ್ನೊಂದು ತೊಡಕು ನಮ್ಮ ಬಿ.ಎಸ್ಸಿ., ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಜಪಾನಿನ ಸ್ನಾತಕೋತ್ತರ ತರಗತಿಗೆ ಸಾಮಾನ್ಯವಾಗಿ ಒಟ್ಟು ಹದಿನಾರು ವರ್ಷಗಳ ವಿದ್ಯಾಭ್ಯಾಸ ಬೇಕು. ಎಸ್ಸೆಸ್ಸೆಲ್ಸಿಯವರೆಗೆ ಹತ್ತು, ಪಿ.ಯು.ಸಿ. ಎರಡು, ಪದವಿ ಮೂರು: ಲೆಕ್ಕ ಹದಿನೈದಕ್ಕೆ ನಿಲ್ಲುತ್ತದೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಿಂದ ಬಿ.ಇ. ಪಡೆದವರಿಗಾಗಲಿ, ಅಲ್ಲಿಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ನಾಲ್ಕು ವರ್ಷದ ಪದವಿ ಪಡೆದವರಿಗಾಗಲಿ ಈ ಚಿಂತೆಯಿಲ್ಲ. ಮೂರು ವರ್ಷದ ಪದವೀಧರರು ಧೈರ್ಯಗೆಡಬೇಕಾಗಿಲ್ಲ. ಅನೇಕ ವಿಶ್ವವಿದ್ಯಾಲಯಗಳು ಅರ್ಹತೆಯನ್ನು ಒಬ್ಬೊಬ್ಬರದಾಗಿ ಪರಿಶೀಲಿಸುತ್ತವೆ. ಆದರೆ ಅರ್ಜಿ ಹಾಕುವ ಮೊದಲೇ ಆ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ಪಡೆದುಕೊಳ್ಳಿ. ಬಾಯಿಮಾತನ್ನು ನಂಬಿ ಒಂದು ವರ್ಷ ಕಳೆದುಕೊಳ್ಳಬೇಡಿ.

ಹಣದ ವಿಷಯ. ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ನಿಗದಿತ ವಾರ್ಷಿಕ ಶುಲ್ಕ 5,35,800 ಯೆನ್, ಪ್ರವೇಶ ಶುಲ್ಕ 2,82,000 ಯೆನ್. ಕೆಲವು ವಿಶ್ವವಿದ್ಯಾಲಯಗಳು ಇದಕ್ಕಿಂತ ಹೆಚ್ಚಿಸಿವೆ. ಟೋಕಿಯೊ 2025ರಿಂದ ಹೊಸದಾಗಿ ಸೇರುವ ಪದವಿ ವಿದ್ಯಾರ್ಥಿಗಳಿಗೆ 6,42,960 ಯೆನ್ ಮಾಡಿದೆ. ಇದರ ಮೇಲೆ ಊಟ, ಬಾಡಿಗೆ. ಆದ್ದರಿಂದ ಸಾಧಾರಣ ಕುಟುಂಬದವರು ಮೊದಲು ನೋಡಬೇಕಾದದ್ದು 1954ರಲ್ಲಿ ಆರಂಭವಾದ ಜಪಾನ್ ಸರ್ಕಾರದ ವಿದ್ಯಾರ್ಥಿವೇತನ. ಇದನ್ನು ಹಿಂದೆ ‘ಮೊಂಬುಶೊ’ ಎನ್ನುತ್ತಿದ್ದರು, ಈಗ ‘ಮೆಕ್ಸ್ಟ್’ ಎನ್ನುತ್ತಾರೆ. ಇದರಲ್ಲಿ ಶುಲ್ಕವಿಲ್ಲ, ವಿಮಾನದ ಟಿಕೆಟ್ ಅವರದೇ. ಇತ್ತೀಚಿನ ವರ್ಷಗಳ ಪ್ರಕಟಣೆಗಳಂತೆ ತಿಂಗಳಿಗೆ ಸಂಶೋಧನಾ ವಿದ್ಯಾರ್ಥಿಗೆ 1,43,000 ಯೆನ್, ಪಿ.ಯು.ಸಿ. ಮುಗಿಸಿ ಪದವಿಗೆ ಹೋಗುವವರಿಗೆ 1,17,000 ಯೆನ್ ಕೊಡುತ್ತಾರೆ. ಪದವಿಗೆ ಹೋಗುವವರು ಮೊದಲು ಒಂದು ವರ್ಷ ಜಪಾನೀ ಭಾಷೆಯನ್ನೇ ಕಲಿತು, ನಂತರದ ನಾಲ್ಕು ವರ್ಷ ಆ ಭಾಷೆಯಲ್ಲೇ ಪಾಠ ಕೇಳಬೇಕು. ವಿಜ್ಞಾನ ವಿಭಾಗದವರಿಗೆ ಗಣಿತ, ರಸಾಯನ, ಜೊತೆಗೆ ಭೌತ ಅಥವಾ ಜೀವಶಾಸ್ತ್ರದ ಲಿಖಿತ ಪರೀಕ್ಷೆ ಇರುತ್ತದೆ, ಬಳಿಕ ಸಂದರ್ಶನ.

ಸ್ವಂತ ಖರ್ಚಿನಲ್ಲಿ ಹೋದವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ‘ಕೆಲಸ ಮಾಡಿಕೊಂಡೇ ಎಲ್ಲ ಖರ್ಚು ತೆಗೆಯಬಹುದು’ ಎಂದು ಹೇಳಿ ಲಕ್ಷಗಟ್ಟಲೆ ಕೇಳುವ ದಲ್ಲಾಳಿಗಳನ್ನು ಮಾತ್ರ ದೂರವಿಡಿ. ಸರ್ಕಾರಿ ವಿದ್ಯಾರ್ಥಿವೇತನದ ಅರ್ಜಿಗೆ ದಲ್ಲಾಳಿ ಬೇಕಾಗಿಯೇ ಇಲ್ಲ. ಬೆಂಗಳೂರಿನಲ್ಲೇ ಜಪಾನಿನ ಕಾನ್ಸುಲೇಟ್ ಕಚೇರಿ ಇದೆ. ಅಲ್ಲಿ ಕೇಳಿದರೆ ಮಾಹಿತಿ ಸಿಗುತ್ತದೆ.

ಇನ್ನು ಆ ಮುಖ್ಯ ಪ್ರಶ್ನೆ. ಸಂಶೋಧನಾ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನಿಮ್ಮ ಸಂಶೋಧನಾ ಯೋಜನೆಯನ್ನು ಬರೆಯಬೇಕು. ‘ನ್ಯಾನೋ ತಂತ್ರಜ್ಞಾನದಲ್ಲಿ ಆಸಕ್ತಿ’ ಎಂದು ಬರೆದರೆ ಅದು ಸಾವಿರ ಅರ್ಜಿಗಳಲ್ಲಿ ಒಂದಾಗುತ್ತದೆ. ಅದರ ಬದಲು ಇಳಕಲ್ ಸೀರೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ನೀರಿಗೆ ಹಾಕಿದಾಗ ಹತ್ತಿ ಕುಗ್ಗುವ ಪ್ರಮಾಣ ಬೇರೆ, ರೇಷ್ಮೆಯದು ಬೇರೆ. ಹಾಗಾದರೆ ಆ ಕೊಂಡಿಯ ಮೇಲೆ ಬೀಳುವ ಎಳೆತ ಎಷ್ಟು? ಐವತ್ತು ಸಲ ಒಗೆದ ಮೇಲೆ ಅದು ಎಷ್ಟು ಉಳಿಯುತ್ತದೆ? ಇದು ನಿಜವಾದ ವಿಜ್ಞಾನದ ಪ್ರಶ್ನೆ, ಅಳೆಯಬಹುದಾದ ಪ್ರಶ್ನೆ. ಜಪಾನಿನ ಶಿನ್ಶು ವಿಶ್ವವಿದ್ಯಾಲಯದಲ್ಲಿ ಜವಳಿ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಉಯೆದಾ ಊರಿನಲ್ಲಿರುವ ಅದರ ಮೂಲ 1910ರ ರೇಷ್ಮೆ ಶಾಲೆ. ಮಗ್ಗದ ಮನೆಯಲ್ಲಿ ಬೆಳೆದವರು ಇಂಥ ಕಡೆ ಈ ಪ್ರಶ್ನೆಯೊಡನೆ ಹೋದರೆ ಅದರ ತೂಕವೇ ಬೇರೆ.

ಬಾದಾಮಿಯವರಿಗೆ ಮರಳುಗಲ್ಲಿದೆ, ಮಲಪ್ರಭೆಯಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತ್ತು. ನೆನೆದ ಮರಳುಗಲ್ಲು ಒಣಗುವಾಗ ಒಳಗಿನ ಲವಣ ಏನು ಮಾಡುತ್ತದೆ? ಪ್ರವಾಹದ ಮುನ್ಸೂಚನೆಯನ್ನು ಎಷ್ಟು ಗಂಟೆ ಮೊದಲು ಕೊಡಬಹುದು? ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಪ್ರಕೃತಿ ವಿಕೋಪಗಳ ತಡೆಗಾಗಿ 1951ರಿಂದಲೂ ಒಂದು ಸಂಶೋಧನಾ ಸಂಸ್ಥೆಯೇ ಇದೆ. ಹುನಗುಂದದ ಎರೆಹೊಲದಲ್ಲಿ ಒಡ್ಡು ಹಾಕಿ ಹಿಡಿದ ಮಳೆನೀರು ಹಿಂಗಾರಿ ಜೋಳಕ್ಕೆ ಎಷ್ಟು ದಿನ ಸಾಲುತ್ತದೆ ಎಂಬುದೂ ಹೀಗೆಯೇ ಅಳೆಯಬಹುದಾದದ್ದು. ನಿಮ್ಮ ಅಜ್ಜನಿಗೆ ಅದರ ಉತ್ತರ ಅಂದಾಜಿನಲ್ಲಿ ಗೊತ್ತು. ನೀವು ಅದನ್ನು ಅಂಕಿಗಳಲ್ಲಿ ಬರೆಯಬೇಕು. ಯೋಜನೆ ಎರಡು ಪುಟ ಸಾಕು, ಇಂಗ್ಲಿಷಿನಲ್ಲಿರಲಿ. ಇಂಗ್ಲಿಷ್ ಸರಳವಾಗಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲು ಕನ್ನಡದಲ್ಲಿ ಬರೆದುಕೊಂಡು ನಿಮ್ಮ ಅಧ್ಯಾಪಕರಿಗೆ ತೋರಿಸಿ.

ಭಾಷೆಯ ಬಗ್ಗೆ ಹೆದರುವವರೇ ಹೆಚ್ಚು. ಈಗ ಅನೇಕ ಸ್ನಾತಕೋತ್ತರ ತರಗತಿಗಳು ಇಂಗ್ಲಿಷಿನಲ್ಲೇ ನಡೆಯುತ್ತವೆ. ಆದರೆ ಪ್ರಯೋಗಾಲಯದ ಹರಟೆ, ಆಸ್ಪತ್ರೆ, ಅಂಗಡಿ ಎಲ್ಲವೂ ಜಪಾನಿಯಲ್ಲೇ. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ‘ನಾನು ಧಾರವಾಡಕ್ಕೆ ಹೋಗುತ್ತೇನೆ’ ಎಂಬುದು ಜಪಾನಿಯಲ್ಲಿ ‘ವತಾಶಿ ವಾ ಧಾರವಾಡ ನಿ ಇಕಿಮಾಸು’. ನಮ್ಮ ‘-ಕ್ಕೆ’ ಇರುವ ಜಾಗದಲ್ಲಿ ‘ನಿ’. ಕ್ರಿಯಾಪದ ನಮ್ಮಂತೆಯೇ ಕೊನೆಗೆ. ಪ್ರಶ್ನೆ ಮಾಡಬೇಕಾದರೆ ನಾವು ‘ಹೋಗುತ್ತೀರಾ’ ಎಂದು ಕೊನೆಯಲ್ಲಿ ‘ಆ’ ಸೇರಿಸುವಂತೆ ಅವರು ‘ಇಕಿಮಾಸು ಕಾ’ ಎನ್ನುತ್ತಾರೆ. ಅವರ ಅಕ್ಷರಮಾಲೆಯನ್ನು ಓದಿಕೊಳ್ಳುವ ಕ್ರಮವೂ ಅ, ಇ, ಉ, ಎ, ಒ. ಕ, ಕಿ, ಕು, ಕೆ, ಕೊ. ನಮ್ಮ ಕಾಗುಣಿತ ನೆನಪಾಗುವುದಿಲ್ಲವೇ? ಬೌದ್ಧ ಭಿಕ್ಷುಗಳು ಸಂಸ್ಕೃತದ ವರ್ಣಮಾಲೆಯನ್ನು ಅಭ್ಯಾಸ ಮಾಡಿದ್ದರ ಪ್ರಭಾವ ಅದು. ಸುಸುಮು ಓನೊ ಎಂಬ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಎಂದೇ ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನಂಟು ಇರಲಿ ಬಿಡಲಿ, ವಾಕ್ಯದ ಕಟ್ಟು ನಮಗೆ ಸುಲಭ. ಕಷ್ಟವಿರುವುದು ಬರಹದಲ್ಲಿ: ದಿನಬಳಕೆಗೆಂದು ಸರ್ಕಾರ ಗೊತ್ತುಪಡಿಸಿದ ಚೀನೀ ಮೂಲದ ಅಕ್ಷರಗಳೇ 2,136. ದಿನಕ್ಕೆ ಐದರಂತೆ ಕಲಿತರೂ ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ. ಅದರ ಐದು ಹಂತಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಐದನೆಯದು. ಹೊರಡುವ ಮೊದಲು ಕನಿಷ್ಠ ನಾಲ್ಕನೆಯದನ್ನಾದರೂ ಮುಗಿಸಿಕೊಂಡರೆ ಮೊದಲ ಚಳಿಗಾಲ ಅಷ್ಟು ಒಂಟಿಯಾಗಿರುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿ ಸಾರಿನಂತೆ ಕಾಣುವುದರಲ್ಲೂ ಒಣಮೀನಿನ ರಸ ಇರುತ್ತದೆ. ಅಡುಗೆ ಕಲಿತೇ ಹೋಗಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಮೊದಲ ತಿಂಗಳಿಗೆ ಆಧಾರ.

ಅರ್ಜಿಗಳನ್ನು ಸಾಮಾನ್ಯವಾಗಿ ಏಪ್ರಿಲ್-ಮೇ ಸುಮಾರಿಗೆ ಕರೆಯುತ್ತಾರೆ. ಆಯ್ಕೆಯಾದವರು ಹೊರಡುವುದು ಮುಂದಿನ ವರ್ಷ. ಆದ್ದರಿಂದ ಪದವಿಯ ಕೊನೆಯ ವರ್ಷಕ್ಕಿಂತ ಮೊದಲೇ ಪ್ರಾಧ್ಯಾಪಕರ ಲೇಖನಗಳನ್ನು ಓದಿ ಪತ್ರ ಬರೆಯಲು ಆರಂಭಿಸಿ. ಈ ನಡುವೆ ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪದವಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುವುದುಂಟು. ನಿಮ್ಮ ಕಾಗದಗಳನ್ನೆಲ್ಲ ಒಂದೆಡೆ ಇಟ್ಟು ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ತಿದ್ದುಪಡಿಗೆ ಈಗಲೇ ಅರ್ಜಿ ಕೊಡಿ. ಪಾಸ್‌ಪೋರ್ಟ್ ಆ ನಂತರ ಮಾಡಿಸಿ.