ಇಂಗಾಲ ಸೇರಿಸುವುದೋ, ತೆಗೆಯುವುದೋ? – ಉಕ್ಕಿನ ಪಾಠದಲ್ಲಿ ನಾನು ತಿದ್ದಿಕೊಂಡದ್ದು

ಬೋಧನಾಭ್ಯಾಸದ ಎರಡನೇ ವಾರ ನನಗೆ ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಘಟಕ ಬಂದಿತ್ತು. ಶಾಲೆ ಭದ್ರಾವತಿಗೆ ಹತ್ತಿರದ್ದು. ಮಿಶ್ರಲೋಹಗಳ ಭಾಗ ಮುಗಿಸಿ, ಊರಿಗೆ ಹೊಂದುವ ಉದಾಹರಣೆಯೆಂದು ಉಕ್ಕಿನ ತಯಾರಿಕೆಯನ್ನು ಹತ್ತು ನಿಮಿಷದಲ್ಲಿ ವಿವರಿಸಿದೆ. ಕಪ್ಪು ಹಲಗೆಯ ಮೇಲೆ ನಾನು ಬರೆದ ಸಾರಾಂಶ ಹೀಗಿತ್ತು: ಅದಿರು → ಶುದ್ಧ ಕಬ್ಬಿಣ, ಶುದ್ಧ ಕಬ್ಬಿಣ + ಇಂಗಾಲ → ಉಕ್ಕು.

ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ನಮ್ಮಜ್ಜ ಫ್ಯಾಕ್ಟರೀಲಿ ಇದ್ದೋರು. ಕರಗಿದ ಕಬ್ಬಿಣಕ್ಕೆ ಆಕ್ಸಿಜನ್ ಊದಿ ಇಂಗಾಲ ಸುಡ್ತಿದ್ವಿ ಅಂತಾರೆ. ನೀವು ಸೇರಿಸ್ತಾರೆ ಅಂತೀರಿ. ಯಾವುದು ಸರಿ?”

“ಎರಡೂ ಒಂದೇ, ಮುಂದೆ ಕಲಿಯುತ್ತೀರಿ” ಎಂದು ಹೇಳಿ ನಾನು ಮುಂದಕ್ಕೆ ಹೋದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಅಧ್ಯಾಪಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಬಾಕಿ ಇದೆ.” ಆ ಬಾಕಿ ತೀರಿಸಲು ನಾನು ಓದಿ ತಿಳಿದುಕೊಂಡದ್ದನ್ನೂ ಮರುದಿನ ಪಾಠವನ್ನು ತಿದ್ದಿದ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಎಲ್ಲಿತ್ತು?

ಶುದ್ಧ ಕಬ್ಬಿಣ ಮೆದು; ಅದರಲ್ಲಿ ಅತ್ಯಲ್ಪ ಇಂಗಾಲ ಬೆರೆತರೆ ಗಟ್ಟಿಯಾಗುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಅದು ಸರಿಯೇ. ಆದರೆ ಆ ಮಾತು ಉಕ್ಕಿನ ಗುಣಕ್ಕೆ ಕಾರಣ ಹೇಳುತ್ತದೆ, ತಯಾರಿಕೆಯ ಕ್ರಮ ಹೇಳುವುದಿಲ್ಲ. ನಾನು ಗುಣದ ವಾಕ್ಯವನ್ನೇ ಕ್ರಮದ ವಾಕ್ಯವೆಂದು ಓದಿಕೊಂಡಿದ್ದೆ. ಊದುಕುಲುಮೆಯಿಂದ ಹೊರಬರುವುದು ಶುದ್ಧ ಕಬ್ಬಿಣವಲ್ಲ. ಅದರಲ್ಲಿ ಉಕ್ಕಿನಲ್ಲಿರುವುದಕ್ಕಿಂತ ಬಹಳ ಹೆಚ್ಚು ಇಂಗಾಲ ಇರುತ್ತದೆ.

ಮೂರು ಕಚ್ಚಾವಸ್ತು, ಮೂರು ಕೆಲಸ

ಮೊದಲನೆಯದು ಅದಿರು. ಹೆಮಟೈಟ್ ಎಂಬುದು ಕಬ್ಬಿಣದ ಆಕ್ಸೈಡ್. ಅದರಲ್ಲಿ ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಕ್ಸಿಜನ್ ಪರಮಾಣುಗಳಿವೆ. ಪರಮಾಣು ತೂಕ 56 ಮತ್ತು 16 ಎಂದು ಹಿಡಿದರೆ, 160 ಭಾಗದಲ್ಲಿ 112 ಭಾಗ ಕಬ್ಬಿಣ, ಅಂದರೆ ಶೇಕಡಾ 70. ಈ ಲೆಕ್ಕವನ್ನು ಮಕ್ಕಳೇ ಮಾಡಬಲ್ಲರು. ನಿಜವಾದ ಅದಿರಿನಲ್ಲಿ ಮರಳು, ಜೇಡಿಯಂಥ ಕಲ್ಮಶವೂ ಇರುವುದರಿಂದ ಕಬ್ಬಿಣದ ಪಾಲು ಇದಕ್ಕಿಂತ ಕಡಿಮೆ.

ಎರಡನೆಯದು ಕೋಕ್. ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿದಾಗ ಅದರ ಅನಿಲ ಮತ್ತು ಡಾಂಬರು ಹೊರಟುಹೋಗಿ ಉಳಿಯುವ ಗಟ್ಟಿ ಇಂಗಾಲ ಇದು. ಉರುವಲಾಗಿ ಶಾಖ ಕೊಡುತ್ತದೆ, ಅದಿರಿನ ಆಕ್ಸಿಜನ್ ಕೀಳುವ ಅನಿಲಕ್ಕೆ ಮೂಲವಾಗುತ್ತದೆ, ಮೇಲಿನ ರಾಶಿಯ ಭಾರವನ್ನು ಪುಡಿಯಾಗದೆ ಹೊರುತ್ತದೆ.

ಮೂರನೆಯದು ಸುಣ್ಣದಕಲ್ಲು. ಕಾದಾಗ ಇದು ಸುಣ್ಣವಾಗಿ ಒಡೆದು, ಅದಿರಿನ ಮರಳಿನೊಡನೆ ಕೂಡಿ ಕರಗಿದ ಕಿಟ್ಟವಾಗುತ್ತದೆ.

ಊದುಕುಲುಮೆಯ ಒಳಗೆ

ಈ ವಸ್ತುಗಳು ಮೇಲಿನಿಂದ ಪದರಪದರವಾಗಿ ಬೀಳುತ್ತವೆ. ಕೆಳಗಿನ ಕೊಳವೆಗಳಿಂದ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ ಕಾಯಿಸಿದ ಗಾಳಿಯನ್ನು ಊದುತ್ತಾರೆ. ಕೊಳವೆಯ ಬಾಯಲ್ಲಿ ಕೋಕ್ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಬಿಸಿ ಕೋಕಿನ ನಡುವೆ ಏರುವಾಗ ಮತ್ತೆ ಇಂಗಾಲದೊಡನೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಈ ಅನಿಲವೇ ಅಪಕರ್ಷಣಕಾರಿ:

ಕಬ್ಬಿಣದ ಆಕ್ಸೈಡ್ + ಕಾರ್ಬನ್ ಮಾನಾಕ್ಸೈಡ್ → ಕಬ್ಬಿಣ + ಕಾರ್ಬನ್ ಡೈಆಕ್ಸೈಡ್

ಹೀಗೆ ಬಿಡುಗಡೆಯಾದ ಕಬ್ಬಿಣ ಕೆಳಗಿಳಿಯುತ್ತ ಕೆಂಡವಾದ ಕೋಕಿನ ಮೈಮೇಲೆ ಹಾದುಹೋಗಲೇಬೇಕು. ಇಲ್ಲೇ ಅದು ಇಂಗಾಲವನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ತಳ ಸೇರುವಷ್ಟರಲ್ಲಿ ಇಂಗಾಲ ಸುಮಾರು ಶೇಕಡಾ 4. ಇದರಿಂದ ಒಂದು ಅನುಕೂಲವೂ ಇದೆ: ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ, ಇಷ್ಟು ಇಂಗಾಲ ಸೇರಿದ್ದು 1150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಹಗುರವಾದ ಕಿಟ್ಟ ಮೇಲೆ ತೇಲುತ್ತದೆ, ಕಬ್ಬಿಣ ಕೆಳಗೆ ನಿಲ್ಲುತ್ತದೆ, ಎರಡನ್ನೂ ಬೇರ್ಪಡಿಸುತ್ತಾರೆ. ಇದೇ ಬೀಡು ಕಬ್ಬಿಣ. ಇದು ಗಡಸು, ಆದರೆ ಸುತ್ತಿಗೆಯ ಏಟಿಗೆ ಬಾಗದೆ ಬಿರಿಯುತ್ತದೆ.

ಅಜ್ಜ ಹೇಳಿದ ಹಂತ

ಬೀಡು ಕಬ್ಬಿಣವನ್ನು ಉಕ್ಕು ಮಾಡುವುದೆಂದರೆ ಮುಖ್ಯವಾಗಿ ಇಂಗಾಲ ತೆಗೆಯುವುದು. 1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಕಬ್ಬಿಣಕ್ಕೆ ಗಾಳಿ ಊದುವ ವಿಧಾನವನ್ನು ಪ್ರಕಟಿಸಿದ. 1952ರಲ್ಲಿ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಗಾಳಿಯ ಬದಲು ಶುದ್ಧ ಆಕ್ಸಿಜನ್ ಊದುವ ಕಾರ್ಖಾನೆ ಆರಂಭವಾಯಿತು. ಇಂದು ಊದುಕುಲುಮೆಯ ಕಬ್ಬಿಣ ಉಕ್ಕಾಗುವುದು ಹೆಚ್ಚಾಗಿ ಈ ಬಗೆಯ ಪರಿವರ್ತಕದಲ್ಲೇ. ಆಕ್ಸಿಜನ್ ತಾಗಿದಾಗ ಸಿಲಿಕಾನ್, ಮ್ಯಾಂಗನೀಸ್, ಇಂಗಾಲ ಉತ್ಕರ್ಷಣಗೊಳ್ಳುತ್ತವೆ. ಇಂಗಾಲ ಅನಿಲವಾಗಿ ಹೋಗುತ್ತದೆ. ಉಳಿದವು, ರಂಜಕವೂ ಸೇರಿ, ಸುಣ್ಣದ ಕಿಟ್ಟಕ್ಕೆ ಸೇರುತ್ತವೆ. ಊದುವ ಅವಧಿ ಸುಮಾರು 20 ನಿಮಿಷ. ಹೊರಗಿನ ಉರುವಲು ಬೇಡ. ಈ ಕ್ರಿಯೆಗಳೇ ಶಾಖ ಬಿಡುತ್ತವೆ. ಶಾಖ ಮಿತಿ ಮೀರದಂತೆ ಗುಜರಿ ಉಕ್ಕನ್ನೂ ಜೊತೆಗೆ ಹಾಕುತ್ತಾರೆ.

ಕೊನೆಯಲ್ಲಿ ಉಕ್ಕಿನಲ್ಲಿ ಉಳಿದ ಆಕ್ಸಿಜನ್ನನ್ನು ಸಿಲಿಕಾನ್, ಅಲ್ಯೂಮಿನಿಯಂಗಳಿಂದ ಹಿಡಿದು, ಬೇಕಾದ ದರ್ಜೆಗೆ ತಕ್ಕಂತೆ ಮ್ಯಾಂಗನೀಸ್, ಕ್ರೋಮಿಯಂ, ಕೆಲವೊಮ್ಮೆ ತುಸು ಇಂಗಾಲವನ್ನೂ ಸೇರಿಸುತ್ತಾರೆ. ಅಂದರೆ ಸೇರಿಸುವುದೂ ಉಂಟು. ಆದರೆ ಅದು ಅಡುಗೆಯ ಕೊನೆಗೆ ಉಪ್ಪು ನೋಡಿ ಹಾಕಿದಂತೆ. ಬಳಿಕ ಎರಕ ಹೊಯ್ದು, ಉರುಳೆಗಳ ನಡುವೆ ಹಾಯಿಸಿ ತಗಡು, ಸರಳುಗಳನ್ನು ಮಾಡುತ್ತಾರೆ.

ಸೇರಿಸಿಯೇ ಮಾಡಿದ ಉಕ್ಕು

ಓದುವಾಗ ಇನ್ನೊಂದು ವಿಷಯ ತಿಳಿಯಿತು. ನಮ್ಮ ಹಳೆಯ ಕುಲುಮೆಗಳಲ್ಲಿ ಕಬ್ಬಿಣ ಪೂರ್ತಿ ಕರಗುತ್ತಿರಲಿಲ್ಲ, ಮುದ್ದೆಯಾಗಿ ಬರುತ್ತಿತ್ತು. ಹಾಗಾಗಿ ಅದರಲ್ಲಿ ಇಂಗಾಲ ಕಡಿಮೆ. ಆ ಕಬ್ಬಿಣದ ತುಂಡುಗಳನ್ನು ಕಟ್ಟಿಗೆ, ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕಾಯಿಸಿ, ಇಂಗಾಲ ಕೂಡಿಸಿ ಉಕ್ಕು ಮಾಡುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಂಥ ಕೆಲಸವನ್ನು ವರ್ಣಿಸಿದ್ದಾನೆ. ಹೊರಡುವ ಕಬ್ಬಿಣದಲ್ಲಿ ಇಂಗಾಲ ಕಡಿಮೆಯಿದ್ದರೆ ಸೇರಿಸಬೇಕು, ಹೆಚ್ಚಿದ್ದರೆ ತೆಗೆಯಬೇಕು. ಹುಡುಗಿಯ ಪ್ರಶ್ನೆಗೆ ನಿಜವಾದ ಉತ್ತರ ಇದು. “ಎರಡೂ ಒಂದೇ” ಎಂಬುದು ಉತ್ತರವಾಗಿರಲಿಲ್ಲ.

ಮರುದಿನದ ಪಾಠ

ತರಗತಿಗೆ ಹೋಗಿ ಮೊದಲು ಹೇಳಿದ್ದು: “ನಿನ್ನೆ ಹಲಗೆಯ ಮೇಲೆ ನಾನು ಬರೆದ ಕ್ರಮ ತಪ್ಪು. ಇವಳ ಅಜ್ಜ ಹೇಳಿದ್ದು ಸರಿ.” ಮೇಜಿನ ಮೇಲೆ 40 ಗ್ರಾಂ ಇದ್ದಿಲಿನ ಒಂದು ಪೊಟ್ಟಣ, 2 ಗ್ರಾಂ ಇದ್ದಿಲಿನ ಇನ್ನೊಂದು ಪೊಟ್ಟಣ ಇಟ್ಟೆ. ಒಂದು ಕಿಲೋ ಬೀಡು ಕಬ್ಬಿಣದಲ್ಲಿ ಸುಮಾರು 40 ಗ್ರಾಂ ಇಂಗಾಲ, ಒಂದು ಕಿಲೋ ಮೆದು ಉಕ್ಕಿನಲ್ಲಿ ಸುಮಾರು 2 ಗ್ರಾಂ. ಹಾಗಾದರೆ ಕಾರ್ಖಾನೆ ಏನು ಮಾಡಬೇಕು? “38 ಗ್ರಾಂ ತೆಗೀಬೇಕು” ಎಂದು ತರಗತಿಯೇ ಹೇಳಿತು. ಹೇಗೆಂದು ಕೇಳಿದಾಗ “ಸುಡಬೇಕು” ಎಂಬ ಉತ್ತರವೂ ಅವರಿಂದಲೇ ಬಂತು.

ಆಮೇಲೆ ಭದ್ರಾವತಿಯ ಮಾತು ಬಂತು. 1923ರಲ್ಲಿ ಅಲ್ಲಿ ಬೀಡು ಕಬ್ಬಿಣದ ತಯಾರಿಕೆ ಆರಂಭವಾದಾಗ ಊದುಕುಲುಮೆಗೆ ಹಾಕುತ್ತಿದ್ದದ್ದು ಕೋಕ್ ಅಲ್ಲ, ಮಲೆನಾಡಿನ ಮರದ ಇದ್ದಿಲು, ಅದಿರು ಕೆಮ್ಮಣ್ಣುಗುಂಡಿಯದು. ಬೇಕಾದದ್ದು ಇಂಗಾಲ, ಅದರ ಮೂಲ ಬೇರೆಯಾಗಬಹುದು ಎಂಬ ಅಂಶ ಇದರಿಂದ ಸುಲಭವಾಗಿ ಮನದಟ್ಟಾಯಿತು.

ಈ ಪಾಠ ಮಾಡಲಿರುವ ಸಹಪ್ರಶಿಕ್ಷಣಾರ್ಥಿಗಳಿಗೆ ಎರಡು ಸೂಚನೆಗಳು. ಪಾಠಯೋಜನೆಯಲ್ಲಿ ‘ಅಪಕರ್ಷಣ’ ಮತ್ತು ‘ಉತ್ಕರ್ಷಣ’ವನ್ನು ಎರಡು ಪ್ರತ್ಯೇಕ ಹಂತಗಳಾಗಿ ಬರೆದುಕೊಳ್ಳಿ: ಊದುಕುಲುಮೆಯಲ್ಲಿ ಅದಿರಿನಿಂದ ಆಕ್ಸಿಜನ್ ತೆಗೆಯುತ್ತೇವೆ, ಪರಿವರ್ತಕದಲ್ಲಿ ಆಕ್ಸಿಜನ್ ಊದಿ ಇಂಗಾಲ ತೆಗೆಯುತ್ತೇವೆ. ಎರಡನೆಯದು, ಮನೆಯವರ ಅನುಭವವನ್ನು ಹೊತ್ತು ಬಂದ ಪ್ರಶ್ನೆಯನ್ನು ಗಂಟೆಯ ನೆಪದಲ್ಲಿ ತಳ್ಳಿಹಾಕಬೇಡಿ. ಉತ್ತರ ಗೊತ್ತಿಲ್ಲದಿದ್ದರೆ “ನಾಳೆ ಹೇಳುತ್ತೇನೆ” ಎನ್ನಿ, ಮರುದಿನ ಮರೆಯದೆ ಹೇಳಿ.