ಹಿತ್ತಿಲ ಹಕ್ಕಿಗಳ ಏರಿಳಿತ

ಹೋದ ವರ್ಷ ಕಂಡಷ್ಟು ಹಕ್ಕಿಗಳು ಈ ವರ್ಷ ಹಿತ್ತಿಲಿನಲ್ಲಿ ಕಾಣುತ್ತಿಲ್ಲವೆಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಮರುವರ್ಷ ಅವರೇ ಪಿಕಳಾರಗಳ ಗದ್ದಲದಲ್ಲಿ ಮಾತು ಕೇಳಿಸದು ಎನ್ನುವುದೂ ಉಂಟು. ಎರಡೂ ನಿಜವಿರಬಹುದು. ಆದರೆ ಮೊದಲ ಮಾತಿನಿಂದ ಹಕ್ಕಿಗಳು ನಶಿಸಿದವೆಂದಾಗಲಿ, ಎರಡನೆಯದರಿಂದ ಅವು ವೃದ್ಧಿಸಿದವೆಂದಾಗಲಿ ತೀರ್ಮಾನಿಸುವುದು ಅವಸರವಾದೀತು.

ಚಿತ್ರದುರ್ಗ ಜಿಲ್ಲೆ ಅಲ್ಪ ಮಳೆಯ ನಾಡು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ನಡುವೆ ೮೯ ವರ್ಷಗಳು! ಅದರ ಮರುವರ್ಷವೇ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಮಳೆಯೇ ಹೀಗೆ ಏರಿಳಿಯುವಾಗ ಹಕ್ಕಿಗಳ ಸಂಖ್ಯೆ ಒಂದೇ ಸಮನಾಗಿರುವುದೆಂತು?

ಗುಬ್ಬಚ್ಚಿಯನ್ನೇ ನೋಡಿರಿ. ಬೆಳೆದ ಗುಬ್ಬಚ್ಚಿಯ ಮುಖ್ಯ ಆಹಾರ ಕಾಳು. ಗೂಡಿನಲ್ಲಿರುವ ಎಳೆಯ ಮರಿಗಾದರೋ ಮೆದುವಾದ ಹುಳುಗಳೇ ಬೇಕು. ಮಳೆ ಬಿದ್ದರೆ ಹಸುರು, ಹಸುರಿದ್ದರೆ ಹುಳು, ಹುಳುವಿದ್ದರೆ ಮರಿ. ಗೀಜಗಕ್ಕೆ ಗೂಡು ನೇಯಲು ಹಸಿಯ ಎಲೆಯ ಸೀಳುಗಳೂ ಬೇಕು. ಆದುದರಿಂದ ಅದು ಮಳೆಗಾಲವನ್ನೇ ಕಾಯುತ್ತದೆ. ಮಳೆ ಕೈಕೊಟ್ಟ ವರ್ಷ ಗೂಡು ಬಿಟ್ಟು ಹಾರುವ ಮರಿಗಳು ಕಡಿಮೆ. ಆ ಕೊರತೆ ನಮ್ಮ ಕಣ್ಣಿಗೆ ಬೀಳುವುದು ಹಲವು ವೇಳೆ ಮರುವರ್ಷ.

ಇಲ್ಲೊಂದು ಸೋಜಿಗವುಂಟು. ಬರಗಾಲದಲ್ಲಿ ಹಿತ್ತಿಲಿನ ಹಕ್ಕಿಗಳು ಹೆಚ್ಚಲೂಬಹುದು. ಜೋಗಿಮಟ್ಟಿಯ ಕುರುಚಲು ಕಾಡು ಒಣಗಿ ಹಳ್ಳಗಳು ಬತ್ತಿದಾಗಲೂ ಹೊಳಲ್ಕೆರೆಯ ಅಡಕೆ ತೋಟ, ಹೊಸದುರ್ಗದ ತೆಂಗಿನ ತೋಟ, ಪೇಟೆಯ ಮನೆಗಳ ನುಗ್ಗೆ, ಸೀಬೆ ಗಿಡಗಳು ಕೊಳವೆಬಾವಿಯ ನೀರುಂಡು ತಂಪಾಗಿರುತ್ತವೆ. ಸುತ್ತಲಿನ ಹಕ್ಕಿಗಳು ಅಲ್ಲಿಗೆ ಬಂದು ಸೇರುತ್ತವೆ. ಮಳೆ ಚೆನ್ನಾದ ವರ್ಷ ಹೊಲ, ಬೆಟ್ಟಗಳಲ್ಲೆಲ್ಲ ಆಹಾರ ದೊರೆಯುವುದರಿಂದ ಅವು ಚದುರುತ್ತವೆ. ಹಿತ್ತಿಲು ಬಿಕೋ ಎನ್ನುತ್ತದೆ. ಒಂದು ಹಿತ್ತಿಲಿನ ಲೆಕ್ಕದಿಂದ ನಾಡಿನ ಲೆಕ್ಕ ತಿಳಿಯದು.

ಗುಲಾಬಿ ಕಬ್ಬಕ್ಕಿಯ ಮಾತು ಬೇರೆ. ಚಳಿಗಾಲದಲ್ಲಿ ನಮ್ಮಲ್ಲಿಗೆ ಬರುವ ಈ ಅತಿಥಿ ಮರಿಮಾಡುವುದು ಮಧ್ಯ ಏಷ್ಯದಂತಹ ದೂರದ ಹುಲ್ಲುಬಯಲುಗಳಲ್ಲಿ. ಅಲ್ಲಿ ಮಿಡತೆಗಳು ಹೇರಳವಾದರೆ ಮರಿಗಳೂ ಹೇರಳ. ಇಲ್ಲಿಯ ಏರಿಳಿತಕ್ಕೆ ಕಾರಣ ಅಲ್ಲಿಯೇ ಇರಬಹುದು.

ಹಾಗಾದರೆ ನಿಜವಾದ ಇಳಿತವನ್ನು ಅರಿಯುವುದು ಹೇಗೆ? ಹಲವು ಸ್ಥಳಗಳಲ್ಲಿ, ಹಲವು ವರ್ಷ, ಒಂದೇ ಕ್ರಮದಲ್ಲಿ ಎಣಿಸಬೇಕು. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ಅನೇಕ ದೇಶಗಳಲ್ಲಿ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತೀಯರು ೨೦೧೩ರಿಂದ ಅದರಲ್ಲಿ ಪಾಲ್ಗೊಂಡಿದ್ದಾರೆ. ಒಂದೆಡೆ ಕನಿಷ್ಠ ೧೫ ನಿಮಿಷವಿದ್ದು, ಕಂಡ ಹಕ್ಕಿಗಳ ಜಾತಿಯನ್ನೂ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಶಾಲೆಯ ಅಂಗಳವೂ ಆದೀತು.

ಪಕ್ಷಿವೀಕ್ಷಕರು ಕಲೆಹಾಕಿದ ಇಂತಹ ವಿವರಗಳ ಆಧಾರದಿಂದ ಭಾರತದ ಪಕ್ಷಿಗಳ ಸ್ಥಿತಿಯನ್ನು ಕುರಿತ ವರದಿಯೊಂದು ೨೦೨೦ರಲ್ಲಿ ಪ್ರಕಟವಾಯಿತು. ಅದರಂತೆ ನವಿಲುಗಳು ಹೆಚ್ಚಿವೆ. ಗುಬ್ಬಚ್ಚಿಗಳು ದೇಶದಲ್ಲಿ ಒಟ್ಟಾರೆ ಸುಸ್ಥಿರವಾಗಿದ್ದರೂ ಬೆಂಗಳೂರಿನಂತಹ ಮಹಾನಗರಗಳಲ್ಲಿ ಇಳಿದಿವೆ. ಮೊಬೈಲ್ ಗೋಪುರಗಳೇ ಇದಕ್ಕೆ ಕಾರಣವೆಂಬ ಮಾತು ಬಹಳ ಹಬ್ಬಿದೆ. ಅದಕ್ಕೆ ತಕ್ಕ ಆಧಾರ ದೊರೆತಿಲ್ಲ. ಹುಳುಗಳ ಕೊರತೆ, ಗೂಡಿಗೆ ಎಡೆಯಿಲ್ಲದಿರುವುದು ಹೆಚ್ಚು ಸಂಭವನೀಯ ಕಾರಣಗಳು. ನಮ್ಮ ಊರುಗಳಲ್ಲಿಯೂ ಮಣ್ಣಿನ ಮಾಳಿಗೆಯ ಜಂತೆಗಳ ಸಂದು ಹೋಗಿ ಕಾಂಕ್ರೀಟಿನ ತಾರಸಿ ಬಂದಿದೆ. ಮಳೆಯ ಕೊರತೆಯನ್ನು ಮರುವರ್ಷದ ಮಳೆ ತುಂಬೀತು. ಈ ಕೊರತೆ ಹಾಗೆ ತುಂಬುವಂಥದಲ್ಲ.