ಪಿತ್ತದ ಗಂಧೆ: ಗುರುತಿಸುವ ಬಗೆ ಮತ್ತು ತಡಮಾಡಬಾರದ ಸಂದರ್ಭ

ಮೈಮೇಲೆ ಇದ್ದಕ್ಕಿದ್ದಂತೆ ದದ್ದುಗಳೆದ್ದು, ವಿಪರೀತ ತುರಿಸಿ, ಕೆಲವು ಗಂಟೆಗಳಲ್ಲಿ ಗುರುತೇ ಉಳಿಯದಂತೆ ಮಾಯವಾಗುವ ತೊಂದರೆಯನ್ನು ನಾಡಿನ ಅನೇಕ ಭಾಗಗಳಲ್ಲಿ ಪಿತ್ತದ ಗಂಧೆ ಎಂದು ಕರೆಯುತ್ತಾರೆ. ಗಾದರಿ ಎದ್ದಿತೆಂದೂ ಪಿತ್ತ ಕೆರಳಿತೆಂದೂ ಹೇಳುವುದುಂಟು. ವೈದ್ಯಕೀಯದಲ್ಲಿ ಇದರ ಹೆಸರು ಅರ್ಟಿಕೇರಿಯಾ. ಹೆಚ್ಚುಕಡಿಮೆ ಐದು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಕಾಣಿಸಿಕೊಳ್ಳುತ್ತದೆ. ಬಹುಪಾಲು ಪ್ರಸಂಗಗಳಲ್ಲಿ ಇದರಿಂದ ಕಿರಿಕಿರಿಯೇ ಹೊರತು ಪ್ರಾಣಾಪಾಯವಿಲ್ಲ. ಆದರೆ ಇದೇ ದದ್ದು ಅಪರೂಪಕ್ಕೆ, ನಿಮಿಷಗಳಲ್ಲಿ ಉಸಿರು ಕಟ್ಟಿಸಬಲ್ಲ ತೀವ್ರ ಅಲರ್ಜಿಯ ಮೊದಲ ಸೂಚನೆಯಾಗಿರುತ್ತದೆ. ಕಾಮಗಾರಿಯ ಸ್ಥಳದಲ್ಲಿ ಹೆಜ್ಜೇನು ಎದ್ದಾಗ, ಶಾಲೆಯಲ್ಲಿ ಮಗುವಿನ ಮುಖ ಊದಿಕೊಂಡಾಗ ಸುದ್ದಿ ಮೊದಲು ತಲುಪುವುದು ಬಹುಮಟ್ಟಿಗೆ ವಾರ್ಡಿನ ಸದಸ್ಯರಿಗೇ. ಆದಕಾರಣ ಯಾವುದು ಮರುದಿನದವರೆಗೆ ಕಾಯಬಹುದಾದ ಗಂಧೆ, ಯಾವುದು ಆ ಕ್ಷಣವೇ ಆಂಬುಲೆನ್ಸ್ ಕರೆಯಬೇಕಾದ ಗಂಧೆ ಎಂಬ ವಿವೇಚನೆ ಗ್ರಾಮ ಪಂಚಾಯತಿಯ ಸದಸ್ಯರಿಗೆ ಅವಶ್ಯವಾಗಿದೆ.

ದದ್ದಿನ ಸ್ವರೂಪ

ಗಂಧೆಯ ದದ್ದು ಚರ್ಮದ ಮಟ್ಟದಿಂದ ಮೇಲೆದ್ದು, ಮುಟ್ಟಿದರೆ ಕೈಗೆ ಸಿಗುವಂತಿರುತ್ತದೆ. ಕೆಲವು ಸಾಸಿವೆ ಕಾಳಿನಷ್ಟು ಚಿಕ್ಕವು, ಕೆಲವು ಅಂಗೈಯಗಲದವು. ಒಂದಕ್ಕೊಂದು ಕೂಡಿಕೊಂಡು ನಕಾಶೆಯ ಗಡಿಗಳಂತೆ ಅಂಕುಡೊಂಕಾಗಿ ಹರಡುವುದೂ ಉಂಟು. ಮೇಲ್ಮೈ ನುಣುಪಾಗಿರುತ್ತದೆ. ನೀರುಗುಳ್ಳೆ, ಕೀವು, ಹೊಟ್ಟು, ಚಕ್ಕಳ ಯಾವುದೂ ಇರುವುದಿಲ್ಲ. ಪುಸ್ತಕಗಳಲ್ಲಿ ಇದನ್ನು ಕೆಂಪು ದದ್ದು ಎಂದೇ ಬರೆದಿರುತ್ತಾರೆ. ಆ ಮಾತು ಬಿಳಿಯ ಚರ್ಮವನ್ನು ಕಂಡು ಬರೆದದ್ದು. ನಮ್ಮ ಕಂದು ಹಾಗೂ ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದು ಕಡಿಮೆ. ದದ್ದು ಮೈಬಣ್ಣದ್ದೇ ಆಗಿರಬಹುದು, ಕೊಂಚ ಕಪ್ಪಾಗಿಯೂ ತೋರಬಹುದು. ಆದ್ದರಿಂದ ಬಣ್ಣವನ್ನು ಹುಡುಕುವುದಕ್ಕಿಂತ, ಬೆಳಕು ಓರೆಯಾಗಿ ಬೀಳುವಂತೆ ನಿಲ್ಲಿಸಿ ಉಬ್ಬನ್ನು ನೋಡುವುದು, ಬೆರಳ ಹಿಂಬದಿಯಿಂದ ಮೃದುವಾಗಿ ಸವರಿ ತಿಳಿಯುವುದು ಹೆಚ್ಚು ನೆಚ್ಚಬಹುದಾದ ಕ್ರಮ.

ಇದಕ್ಕಿಂತಲೂ ಖಚಿತವಾದ ಗುರುತೊಂದಿದೆ. ಅದು ಕಾಲಕ್ಕೆ ಸಂಬಂಧಿಸಿದ್ದು. ಗಂಧೆಯ ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಗಳೊಳಗೆ ಇಳಿದುಹೋಗುತ್ತದೆ. ಎಷ್ಟೋ ಸಲ ಒಂದೆರಡು ಗಂಟೆಗಳಲ್ಲೇ ಇಳಿಯುತ್ತದೆ. ರೋಗಿಯು ಮಾತ್ರ ವಾರದಿಂದಲೂ ಮೈಮೇಲೆ ದದ್ದಿದೆ ಎನ್ನುತ್ತಾನೆ. ಅವನ ಮಾತೂ ಸುಳ್ಳಲ್ಲ. ತೋಳಿನದು ಇಳಿಯುವಷ್ಟರಲ್ಲಿ ತೊಡೆಯ ಮೇಲೆ ಹೊಸತು ಏಳುತ್ತಿರುತ್ತದೆ. ಅನುಮಾನವಿದ್ದಲ್ಲಿ ಒಂದು ದದ್ದಿನ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಸಮಯ ಬರೆದಿಟ್ಟು, ಮರುದಿನ ಅದೇ ಹೊತ್ತಿಗೆ ನೋಡಬೇಕು. ಗೆರೆಯೊಳಗಿನ ಚರ್ಮ ಕಲೆಯಿಲ್ಲದೆ ಮೊದಲಿನಂತಾಗಿದ್ದರೆ ಅದು ಗಂಧೆಯೆಂದು ತಿಳಿಯಬಹುದು. ದದ್ದು ಅಲ್ಲಿಯೇ ಉಳಿದಿದ್ದರೆ, ತುರಿಕೆಗಿಂತ ಉರಿ ಅಥವಾ ನೋವು ಹೆಚ್ಚಾಗಿದ್ದರೆ, ಇಳಿದ ಮೇಲೆ ಪೆಟ್ಟು ಬಿದ್ದ ಜಾಗದಂತೆ ಕಂದಿದ ಕಲೆ ಉಳಿದರೆ ರಕ್ತನಾಳಗಳ ಉರಿಯೂತವಿರಬಹುದಾದ್ದರಿಂದ ವೈದ್ಯರ ತಪಾಸಣೆ ಬೇಕಾಗುತ್ತದೆ. ಸಂಜೆ ಆಸ್ಪತ್ರೆಗೆ ಹೋಗುವ ವೇಳೆಗೆ ಬೆಳಗಿನ ದದ್ದು ಮಾಯವಾಗಿರುವುದು ಸಾಮಾನ್ಯ. ಆಗಲೇ ಮೊಬೈಲಿನಲ್ಲಿ ತೆಗೆದಿಟ್ಟ ಒಂದು ಚಿತ್ರ ವೈದ್ಯರಿಗೆ ಬಹಳ ನೆರವಾಗುತ್ತದೆ.

ಗಂಧೆಯ ಜೊತೆಯಲ್ಲಿ ಕೆಲವರಿಗೆ ತುಟಿ, ಕಣ್ಣುರೆಪ್ಪೆ, ಅಂಗೈ, ಅಂಗಾಲು, ಗುಪ್ತಾಂಗಗಳು ಊದಿಕೊಳ್ಳುತ್ತವೆ. ಇದು ಚರ್ಮದ ಆಳದ ಪದರದಲ್ಲಿ ಆಗುವ ಊತ. ಇಳಿಯಲು ಮೂರು ದಿನಗಳವರೆಗೂ ಬೇಕಾಗಬಹುದು. ತುರಿಕೆಗಿಂತ ಬಿಗಿತವೇ ಹೆಚ್ಚು. ದದ್ದು ಏಳದೆ ತುಟಿ ಮತ್ತು ನಾಲಿಗೆ ಮಾತ್ರ ಊದಿಕೊಂಡಾಗ, ರೋಗಿಯು ರಕ್ತದೊತ್ತಡಕ್ಕೆ ಎನಾಲಪ್ರಿಲ್ ಅಥವಾ ರಾಮಿಪ್ರಿಲ್ ಜಾತಿಯ ಮಾತ್ರೆ ಸೇವಿಸುತ್ತಿದ್ದಾನೆಯೇ ಎಂದು ಕೇಳುವುದು ಅಗತ್ಯ. ವರ್ಷಗಟ್ಟಲೆ ಒಗ್ಗಿದ ಮಾತ್ರೆಯೂ ಒಂದು ದಿನ ಹೀಗೆ ಮಾಡಬಲ್ಲದು.

ಹೆಸರು ತಂದ ತಪ್ಪು ತಿಳಿವಳಿಕೆ

ಪಿತ್ತದ ಗಂಧೆ ಎಂಬ ಹೆಸರಿನಿಂದಾಗಿ ಇದು ಪಿತ್ತಕೋಶದ ಅಥವಾ ಯಕೃತ್ತಿನ ದೋಷವೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಚರ್ಮದಲ್ಲಿರುವ ಮಾಸ್ಟ್ ಕಣಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಅದರಿಂದ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ನೀರಿನಂಶ ಒಸರಿ, ಚರ್ಮ ಉಬ್ಬುತ್ತದೆ. ನರದ ತುದಿಗಳು ಕೆರಳಿ ತುರಿಸುತ್ತದೆ. ಅರ್ಟಿಕೇರಿಯಾ ಎಂಬ ಹೆಸರು ಬಂದಿರುವುದೂ ಲ್ಯಾಟಿನ್ ಭಾಷೆಯಲ್ಲಿ ತುರುಚಿಯಂತಹ ಗಿಡಕ್ಕಿರುವ ಹೆಸರಿನಿಂದ. ಹೊಲದ ಬದುವಿನಲ್ಲಿ ತುರುಚಿ ತಾಗಿದವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಬಳಿಯಿಂದ ಮೈ ಉಜ್ಜುವುದು ಹಳೆಯ ರೂಢಿ. ಉಜ್ಜಿದಷ್ಟೂ ಆ ಕಣಗಳು ಮತ್ತಷ್ಟು ಹಿಸ್ಟಮಿನ್ ಚೆಲ್ಲುವುದರಿಂದ ಈ ರೂಢಿಯನ್ನು ಬಿಡುವುದು ಒಳಿತು. ಮುರುಗಲಿನ ಪಾನಕ ಕುಡಿಯುವುದರಿಂದ ಕೇಡಿಲ್ಲ; ಆದರೆ ಅದು ಔಷಧಿಯ ಜಾಗವನ್ನು ತುಂಬಲಾರದು. ತಣ್ಣೀರಿನ ಬಟ್ಟೆ ಹಾಕುವುದು, ಸಡಿಲವಾದ ಹತ್ತಿ ಉಡುಪು ಧರಿಸುವುದು ಹಿತಕರ. ತಣ್ಣೀರು ಸೋಂಕಿದರೇ ಗಂಧೆ ಏಳುವ ಕೆಲವರಿಗೆ ಮಾತ್ರ ಇದು ಸಲ್ಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಸೆಟ್ರಿಜಿನ್‌ನಂತಹ ಮಾತ್ರೆಗಳೇ ಇದಕ್ಕೆ ಮುಖ್ಯ ಚಿಕಿತ್ಸೆ. ಕ್ಲೋರ್‌ಫೆನಿರಮೈನ್‌ನಂತಹ ಹಳೆಯ ಮಾತ್ರೆಗಳು ನಿದ್ದೆ ತರಿಸುವುದರಿಂದ ಅವನ್ನು ನುಂಗಿ ಟ್ರ್ಯಾಕ್ಟರ್ ಏರಬಾರದು. ಗಂಧೆ ಎದ್ದಾಗಲೆಲ್ಲ ಪರವಾನಗಿಯಿಲ್ಲದವರ ಬಳಿ ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಿಕೊಳ್ಳುವ ಅಭ್ಯಾಸ ಗಂಧೆಗಿಂತ ಹೆಚ್ಚು ಹಾನಿಕರ.

ಅನ್ಯ ಚರ್ಮರೋಗಗಳೊಡನೆ ಗೊಂದಲ

ಸೀತಾಳೆ ಸಿಡುಬಿನ ಗುಳ್ಳೆಗಳಲ್ಲಿ ನೀರು ತುಂಬಿರುತ್ತದೆ, ಜ್ವರವಿರುತ್ತದೆ, ದಿನಗಟ್ಟಲೆ ಅಲ್ಲಲ್ಲಿಯೇ ಉಳಿದು ಹೊಪ್ಪಳೆಗಟ್ಟುತ್ತವೆ. ದಡಾರದಲ್ಲಿ ಜ್ವರ, ಕೆಮ್ಮು, ಕೆಂಗಣ್ಣು ಮೊದಲು ಕಾಣಿಸಿಕೊಂಡು ಅನಂತರ ಮುಖದಿಂದ ಕೆಳಮುಖವಾಗಿ ದದ್ದು ಹರಡುತ್ತದೆ. ಇದರ ಸಂಶಯ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಲೇಬೇಕು. ಕಜ್ಜಿಯ ತುರಿಕೆ ರಾತ್ರಿ ಹೆಚ್ಚು, ಬೆರಳ ಸಂದಿಯಲ್ಲಿ ಹೆಚ್ಚು, ಮನೆಯ ಇತರರಿಗೂ ಇರುತ್ತದೆ. ಪಾರ್ಥೇನಿಯಂ ಸೋಂಕಿದವರ ಮುಖ, ಕುತ್ತಿಗೆ, ಮೊಣಕೈ ಸಂದಿಗಳ ಚರ್ಮವು ದಪ್ಪಗಾಗಿ ಒರಟಾಗಿ ವಾರಗಟ್ಟಲೆ ಹಾಗೆಯೇ ಉಳಿಯುತ್ತದೆ. ಇವೆಲ್ಲವೂ ಪೆನ್ನಿನ ಗೆರೆಯ ಪರೀಕ್ಷೆಯಲ್ಲಿ ಬೇರೆಯಾಗಿಬಿಡುತ್ತವೆ.

ಗಂಧೆಯು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಅಮ್ಮ ಬಂದಿರಬಹುದೆಂಬ ಶಂಕೆಯಿಂದ ಮಗುವನ್ನು ಅಂಗನವಾಡಿಯಿಂದ ದೂರವಿಡುವುದಕ್ಕೂ, ಬಿಸಿಯೂಟದ ಅಡುಗೆಯವರನ್ನು ಕೆಲಸದಿಂದ ಬಿಡಿಸುವುದಕ್ಕೂ ಗಂಧೆ ಕಾರಣವಾಗಬಾರದು.

ಕಾರಣಗಳ ವಿಚಾರ

ಮಕ್ಕಳಲ್ಲಿ ಹಠಾತ್ತನೆ ಏಳುವ ಗಂಧೆಗೆ ನೆಗಡಿ, ಜ್ವರದಂತಹ ವೈರಾಣು ಸೋಂಕುಗಳೇ ಹೆಚ್ಚಾಗಿ ಕಾರಣ. ದೊಡ್ಡವರಲ್ಲಿ ಪೆನಿಸಿಲಿನ್ ಮೊದಲಾದ ಪ್ರತಿಜೀವಕಗಳು, ಡೈಕ್ಲೋಫೆನಾಕ್ ಮತ್ತು ಐಬುಪ್ರೊಫೆನ್ ತರಹದ ನೋವುನಿವಾರಕಗಳು, ಕಡಲೆಕಾಯಿ, ಮೊಟ್ಟೆ, ಮೀನು, ಸಿಗಡಿಯಂತಹ ಆಹಾರಗಳು, ಜೇನು ಮತ್ತು ಕಣಜದ ಕಡಿತಗಳು ಕಾರಣವಾಗಬಹುದು. ಆಹಾರ ಕಾರಣವಾಗಿದ್ದರೆ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಸಾಮಾನ್ಯವಾಗಿ ಪರಿಣಾಮ ಕಾಣಿಸಿಕೊಳ್ಳುತ್ತದೆ. ಮೊನ್ನೆ ತಿಂದ ಬದನೆಕಾಯಿಯನ್ನು ಇಂದಿನ ಗಂಧೆಗೆ ಹೊಣೆ ಮಾಡುವುದು ನ್ಯಾಯವಲ್ಲ.

ಆರು ವಾರಗಳಿಗಿಂತ ಹೆಚ್ಚು ಕಾಲ ಮರಳಿ ಮರಳಿ ಬರುವ ಗಂಧೆಯನ್ನು ದೀರ್ಘಕಾಲಿಕವೆಂದು ಪರಿಗಣಿಸುತ್ತಾರೆ. ಇದರಲ್ಲಿ ಬಹುಪಾಲು ಹೊರಗಿನ ಕಾರಣ ಸಿಗುವುದೇ ಇಲ್ಲ; ದೇಹದ ರಕ್ಷಣಾ ವ್ಯವಸ್ಥೆ ತನ್ನ ಕಣಗಳನ್ನೇ ಕೆರಳಿಸುವುದು ಮೂಲವಾಗಿರುತ್ತದೆ. ಬೇಳೆ, ಮೊಟ್ಟೆ, ಹಾಲು ಒಂದೊಂದಾಗಿ ಬಿಟ್ಟು ಪಥ್ಯ ಮಾಡುವ ಗರ್ಭಿಣಿ ಬಾಣಂತಿಯರು ಗಂಧೆಯನ್ನು ಕಳೆದುಕೊಳ್ಳದೆ ರಕ್ತವನ್ನಷ್ಟೇ ಕಳೆದುಕೊಳ್ಳುತ್ತಾರೆ. ಸೀರೆಯ ಕಟ್ಟು ಬಿಗಿಯಾದ ಸೊಂಟದಲ್ಲಿ, ಹೊರೆಯ ಹಗ್ಗ ಒತ್ತಿದ ಹೆಗಲಲ್ಲಿ, ಬೆವರಿದ ಎದೆಯ ಮೇಲೆ ಮಾತ್ರ ಏಳುವ ಗಂಧೆಗಳೂ ಇವೆ. ಒತ್ತಡ, ಬಿಸಿ, ತಂಪುಗಳೇ ಅವುಗಳಿಗೆ ಪ್ರಚೋದನೆ.

ತಡಮಾಡಬಾರದ ಲಕ್ಷಣಗಳು

ಗಂಧೆಯ ಜೊತೆಗೆ ನಾಲಿಗೆ ಅಥವಾ ಗಂಟಲು ಊದಿಕೊಂಡರೆ, ಧ್ವನಿ ಗೊಗ್ಗರಾದರೆ, ಉಗುಳು ನುಂಗಲಾಗದಿದ್ದರೆ, ಉಸಿರಾಟದಲ್ಲಿ ಸಿಳ್ಳೆಯ ಸದ್ದು ಬಂದರೆ, ಬಿಡದೆ ವಾಂತಿ ಅಥವಾ ಹೊಟ್ಟೆನೋವು ಬಂದರೆ, ಮೈ ತಣ್ಣಗಾಗಿ ತಲೆಸುತ್ತಿ ಬಿದ್ದರೆ ಅದು ಕೇವಲ ಗಂಧೆಯಲ್ಲ. ಅದು ಅನಾಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿ. ಚಿಕ್ಕ ಮಕ್ಕಳು ತಮಗೇನಾಗುತ್ತಿದೆಯೆಂದು ಹೇಳಲಾರರು; ಒಮ್ಮೆಲೆ ಜೋತುಬೀಳುವುದು, ಅಳು ಗೊಗ್ಗರಾಗುವುದು, ಜೊಲ್ಲು ಸುರಿಸುವುದು ಅವರಲ್ಲಿನ ಸೂಚನೆಗಳು. ಕೆಲವರಲ್ಲಿ ದದ್ದು ಏಳದೆಯೂ ಈ ಸ್ಥಿತಿ ಉಂಟಾಗುತ್ತದೆ. ಆದ್ದರಿಂದ ಜೇನು ಕಡಿದ ಅಥವಾ ಚುಚ್ಚುಮದ್ದು ಪಡೆದ ಸ್ವಲ್ಪ ಹೊತ್ತಿನಲ್ಲೇ ಕುಸಿದವನ ಮೈಮೇಲೆ ಗಂಧೆಯಿಲ್ಲವೆಂದು ಸಮಾಧಾನಪಡಬಾರದು.

ಇಂತಹ ವೇಳೆ ಕೂಡಲೇ 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿಡಬೇಕು. ಉಸಿರಾಟ ಕಷ್ಟವಾಗಿದ್ದರೆ ಒರಗಿಸಿ ಕೂರಿಸಬೇಕು. ಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು. ಎಬ್ಬಿಸಿ ನಡೆಸುವುದು, ಇಬ್ಬರ ನಡುವೆ ಬೈಕಿನಲ್ಲಿ ಕೂರಿಸಿ ಒಯ್ಯುವುದು ಅಪಾಯಕರ, ಏಕೆಂದರೆ ಕುಸಿದಿರುವ ರಕ್ತದೊತ್ತಡ ನೆಟ್ಟಗೆ ನಿಂತಾಗ ಇನ್ನಷ್ಟು ಕುಸಿಯುತ್ತದೆ. ಬಾಯಿಗೆ ನೀರು, ಕಷಾಯ ಹಾಕಬಾರದು. ಜೇನಿನ ಕೊಂಡಿ ಚರ್ಮದಲ್ಲಿ ಉಳಿದಿದ್ದರೆ ಉಗುರಿನಿಂದಲಾದರೂ ಸರಿ, ಬೇಗನೆ ತೆಗೆಯಬೇಕು. ಹೇಗೆ ತೆಗೆಯಬೇಕೆಂಬ ಚರ್ಚೆಗಿಂತ ಬೇಗನೆ ತೆಗೆಯುವುದು ಮುಖ್ಯ.

ಈ ಸ್ಥಿತಿಗೆ ಮೊದಲ ಔಷಧ ಅಡ್ರಿನಲಿನ್. ಅದನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುತ್ತಾರೆ. ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಅಲರ್ಜಿಯ ಮಾತ್ರೆ ತುರಿಕೆಯನ್ನು ತಗ್ಗಿಸೀತೇ ಹೊರತು ಮುಚ್ಚಿಹೋಗುತ್ತಿರುವ ಉಸಿರುದಾರಿಯನ್ನು ತೆರೆಯಲಾರದು. ಮಾತ್ರೆ ನುಂಗಿಸಿ ನೋಡೋಣವೆಂದು ಕಾಯುವ ಅರ್ಧ ಗಂಟೆಯಲ್ಲೇ ಪ್ರಾಣ ಹೋಗಬಹುದು. ಚೇತರಿಸಿಕೊಂಡವರನ್ನೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಲಕ್ಷಣಗಳು ಎರಡನೆಯ ಬಾರಿ ಮರುಕಳಿಸುವುದುಂಟು. ಲಸಿಕೆಯ ನಂತರ 30 ನಿಮಿಷ ಅಲ್ಲಿಯೇ ಕುಳಿತಿರಬೇಕೆಂಬ ನಿಯಮದ ಹಿಂದಿರುವ ಕಾರಣವೂ ಇದೇ ತೀವ್ರ ಅಲರ್ಜಿ. ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಹೊರಡುವ ತಾಯಂದಿರಿಗೆ ಇದನ್ನು ಸದಸ್ಯರು ತಿಳಿಸಿ ಹೇಳಿದರೆ ಆರೋಗ್ಯ ಸುರಕ್ಷಾಧಿಕಾರಿಗಳ ಕೆಲಸ ಹಗುರವಾಗುತ್ತದೆ.

ಪಂಚಾಯತಿಯ ಪಾಲು

ಉದ್ಯೋಗ ಖಾತರಿ ಕಾಮಗಾರಿ ಆರಂಭಿಸುವ ಮುನ್ನ ಕೆರೆ ಏರಿಯ ಮರಗಳು, ಹಳೆಯ ಕಟ್ಟಡಗಳು, ನೀರಿನ ಟ್ಯಾಂಕುಗಳಲ್ಲಿ ಹೆಜ್ಜೇನು ಅಥವಾ ಕಣಜದ ಗೂಡುಗಳಿವೆಯೇ ಎಂದು ನೋಡಿಸುವುದು ಪಂಚಾಯತಿಗೆ ಸಾಧ್ಯವಿರುವ ಕೆಲಸ. ಹಿಂದೆ ಜೇನು ಕಡಿದಾಗ ಮೈಯೆಲ್ಲ ಗಂಧೆ ಎದ್ದು ಉಸಿರುಗಟ್ಟಿದವರು ಕೂಲಿಕಾರರಲ್ಲಿ ಇದ್ದರೆ ಕಾಯಕಬಂಧುವಿಗೆ ಅದು ಗೊತ್ತಿರಬೇಕು, ಏಕೆಂದರೆ ಎರಡನೆಯ ಕಡಿತ ಮೊದಲಿನದಕ್ಕಿಂತ ತೀವ್ರವಾಗಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಸದಸ್ಯರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅಡ್ರಿನಲಿನ್ ದಾಸ್ತಾನಿದೆಯೇ, ಅದರ ಅವಧಿ ಮೀರಿಲ್ಲವೇ, ರಾತ್ರಿ ವೇಳೆ ಎಲ್ಲಿಗೆ ಹೋಗಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನಡವಳಿಯಲ್ಲಿ ದಾಖಲಿಸಬಹುದು.

ಔಷಧಿಯಿಂದ ಗಂಧೆ ಎದ್ದವರು ಆ ಔಷಧಿಯ ಹೆಸರನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಕೆಂಪು ಮಾತ್ರೆ, ಉದ್ದನೆಯ ಮಾತ್ರೆ ಎಂಬ ನೆನಪು ಮುಂದಿನ ವೈದ್ಯರಿಗೆ ಉಪಯೋಗವಾಗದು. ಓದು ಬಾರದ ಹಿರಿಯರಿರುವ ಮನೆಗಳಲ್ಲಿ ಆ ಚೀಟಿಯನ್ನು ಪಡಿತರ ಚೀಟಿಯ ಜೊತೆಯಲ್ಲಿ ಇಡುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸತಕ್ಕದ್ದು.